ಮರಳಿ ಮನುಷ್ಯರಾಗುವ ಷರತ್ತು: ಹಂಪಾಪುರ ಸೀಮೆಯ ನೋಡುಗರಿಗೆ ಫ್ಯಾಂಟಸಿ ಚಿತ್ರಗಳ ಆಯ್ಕೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಫ್ಯಾಂಟಸಿ ಚಿತ್ರಗಳಲ್ಲಿ ಯಾವುದನ್ನು ನೋಡಬೇಕು ಎಂಬ ಪ್ರಶ್ನೆಗೆ ಈಗ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. 2001ರ ನವೆಂಬರಿನಲ್ಲಿ ಹ್ಯಾರಿ ಪಾಟರ್ ಸರಣಿಯ ಮೊದಲ ಚಿತ್ರ, ಅದೇ ವರ್ಷದ ಡಿಸೆಂಬರಿನಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಮೊದಲ ಭಾಗ ತೆರೆಕಂಡವು. ಅಂದಿನಿಂದ ಎಲ್ಫ್‌ಗಳು, ಮಂತ್ರದಂಡ ಹಿಡಿದ ಮಾಂತ್ರಿಕರು, ತನ್ನದೇ ನಕ್ಷೆಯುಳ್ಳ ಪರಲೋಕ ಇವೇ ಈ ಪ್ರಕಾರದ ಲಕ್ಷಣಗಳೆಂದು ಎಣಿಸುವುದು ರೂಢಿಯಾಗಿದೆ. ಆ ಪರಂಪರೆಯ ಹೊರಗಿನ ಕೆಲವು ಚಿತ್ರಗಳನ್ನು ಕಾರಣಸಹಿತ ಸೂಚಿಸುವುದು ಈ ಟಿಪ್ಪಣಿಯ ಉದ್ದೇಶ.

ಮನಸ್ಸಿನಲ್ಲಿಟ್ಟುಕೊಂಡ ನೋಡುಗರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯವರು ಮತ್ತು ಸುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ತಾಲ್ಲೂಕುಗಳವರು. ಈ ಸೀಮೆಯನ್ನು ಆಧಾರವಾಗಿಟ್ಟುಕೊಳ್ಳಲು ಕಾರಣಗಳಿವೆ. ಪುರಾಣ ಮತ್ತು ಜಾನಪದ ಚಿತ್ರಗಳ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ (1914–1989) ಮತ್ತು ನಟ, ನಿರ್ಮಾಪಕ ದ್ವಾರಕೀಶ್ (1942–2024) ಇಬ್ಬರೂ ಹುಣಸೂರಿನವರು. 1950ರ ದಶಕದ ಕನ್ನಡ ಮಾಯಾಚಿತ್ರಗಳ ಒಂದು ಮುಖ್ಯ ಧಾರೆ ಹುಟ್ಟಿದ್ದು ಮೈಸೂರಿನಲ್ಲಿ. ಕನ್ನಡದ ಮೌಖಿಕ ಕಥೆಗಳನ್ನು ಜಗತ್ತಿಗೆ ಪರಿಚಯಿಸಿದ ಎ.ಕೆ. ರಾಮಾನುಜನ್ (1929–1993) ಹುಟ್ಟಿದ್ದೂ ಮೈಸೂರಿನಲ್ಲೇ. ಹಂಪಾಪುರದ ಮೇಲೆ ಹಾದುಹೋಗುವ ರಸ್ತೆ ಮುಂದೆ ಮಾನಂದವಾಡಿಗೆ, ಅಂದರೆ ಮಲಬಾರಿನ ಕಥಾಲೋಕಕ್ಕೆ ಸೇರುತ್ತದೆ. ಸೀಮೆಯ ಎಲ್ಲೆ ಇಷ್ಟೇ. ಇದರಿಂದ ಇಡೀ ಕನ್ನಡ ಚಿತ್ರರಂಗದ ಬಗ್ಗೆ ಯಾವ ಸಾಮಾನ್ಯ ತೀರ್ಮಾನವನ್ನೂ ಹೊರಡಿಸುವ ಇರಾದೆ ಇಲ್ಲ.

2. ಆಯ್ಕೆಯ ಅಳತೆ

'ಅತಿಮಾನುಷ ಘಟನೆ ಇರುವ ಚಿತ್ರ' ಎಂಬ ವ್ಯಾಖ್ಯೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದನ್ನು ಒಪ್ಪಿದರೆ 1934ರ 'ಸತಿ ಸುಲೋಚನ'ದಿಂದ ಹಿಡಿದು ಪೌರಾಣಿಕ ಚಿತ್ರಗಳೆಲ್ಲವೂ ಪಟ್ಟಿಗೆ ಸೇರಿಬಿಡುತ್ತವೆ. ಭಕ್ತನಾಗಿ ನೋಡುವವನಿಗೆ ಪವಾಡವು ಫ್ಯಾಂಟಸಿ ಆಗಿರುವುದಿಲ್ಲ, ಅದು ಸತ್ಯ. ನೋಡುಗನ ನಂಬಿಕೆಯನ್ನು ಬದಿಗೊತ್ತಿ ಚಿತ್ರಕ್ಕೆ ಹಣೆಪಟ್ಟಿ ಹಚ್ಚುವುದು ಸರಿಯಾದ ವಿಧಾನವಾಗಿ ಕಾಣುವುದಿಲ್ಲ.

ಆದ್ದರಿಂದ ಇನ್ನಷ್ಟು ಕಿರಿದಾದ ಅಳತೆಯೊಂದನ್ನು ಬಳಸಲಾಗಿದೆ. ಚಿತ್ರದಲ್ಲಿ ಒಂದು ದೇಹ ಇನ್ನೊಂದು ರೂಪಕ್ಕೆ ಹೋಗಬೇಕು, ಅಥವಾ ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ದಾಟಬೇಕು. ಹಾಗೆ ಹೋದದ್ದು ಮರಳಿ ಬರಲು ಸ್ಪಷ್ಟವಾದ ಒಂದು ಷರತ್ತು ಇರಬೇಕು. ಆ ಷರತ್ತು ಮನೆಬಳಕೆಯ ವಸ್ತುವಿಗೋ ಊರಿನ ಆಚರಣೆಗೋ ಸಂಬಂಧಿಸಿರಬೇಕು. ಮಂತ್ರವಿದ್ಯೆಯ ಪಾಠಶಾಲೆಗೋ ರಾಜವಂಶದ ಹಕ್ಕಿಗೋ ಅಲ್ಲ. ಈ ಮೂರೂ ಇದ್ದರೆ ಚಿತ್ರವನ್ನು ಮೊದಲ ವರ್ಗಕ್ಕೆ, ಎರಡೇ ಇದ್ದರೆ ಎರಡನೆಯ ವರ್ಗಕ್ಕೆ ಸೇರಿಸಲಾಗಿದೆ. ಅಳತೆ ದೋಷರಹಿತವೆಂದು ಹೇಳಲಾಗದು. ಆದರೆ ಒಂದೇ ಅಳತೆಯನ್ನು ಎಲ್ಲಕ್ಕೂ ಅನ್ವಯಿಸಿದಾಗ ಚಿತ್ರಗಳ ನಡುವಿನ ಒಳಸಂಬಂಧಗಳು ಎದ್ದು ಕಾಣುತ್ತವೆ ಎಂಬುದು ಮುಂದಿನ ವಿಭಾಗಗಳಿಂದ ತಿಳಿದೀತು.

3. 'ಚೆಲುವಿ' (1992)

3.1. ಆಕರ. ಹೂಬಿಡುವ ಮರವಾಗುವ ಹುಡುಗಿಯ ಕಥೆ ಕರ್ನಾಟಕದ ಹಲವೆಡೆ ಹೆಂಗಸರ ಬಾಯಲ್ಲಿ ಉಳಿದುಬಂದಿದೆ. ರಾಮಾನುಜನ್ ಇದರ ಹಲವು ಪಾಠಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ಅವರ ನಿಧನಾನಂತರ 1997ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಕಥಾಸಂಗ್ರಹದ ಹೆಸರೂ ಈ ಕಥೆಯದೇ. ಗಿರೀಶ ಕಾರ್ನಾಡರ ಚಿತ್ರ ಆ ಪುಸ್ತಕಕ್ಕಿಂತ ಐದು ವರ್ಷ ಹಿಂದಿನದು. ಚಿತ್ರವು ಪುಸ್ತಕವನ್ನು ಆಧರಿಸಿದೆ ಎನ್ನುವ ಮಾತು ಈ ಕಾರಣದಿಂದ ನಿಲ್ಲುವುದಿಲ್ಲ. ಎರಡಕ್ಕೂ ಮೌಖಿಕ ಪರಂಪರೆಯೇ ಮೂಲ ಎನ್ನುವುದು ಹೆಚ್ಚು ಸುರಕ್ಷಿತ.

3.2. ಭಾಷೆ ಮತ್ತು ವರ್ಷ. ಹೆಸರು ಕನ್ನಡದ್ದು, ಕಥೆ ಕನ್ನಡದ್ದು, ನಿರ್ದೇಶಕರು ಕನ್ನಡಿಗರು. ಆದರೆ ಚಿತ್ರದ ಮಾತು ಹಿಂದಿ. ಕನ್ನಡ ಚಿತ್ರಗಳ ಪಟ್ಟಿಯಲ್ಲಿ ಇದನ್ನು ಸೇರಿಸುವುದು ತಪ್ಪಾಗುತ್ತದೆ. ವರ್ಷದ ವಿಚಾರದಲ್ಲೂ ಎಚ್ಚರ ಬೇಕು. 40ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರವೆಂದು ಪುರಸ್ಕೃತವಾಯಿತು. ಆ ಪ್ರಶಸ್ತಿಗಳು 1992ರ ಸಾಲಿನವು, ಪ್ರದಾನವಾದದ್ದು 1993ರಲ್ಲಿ. ಚಿತ್ರದ ವರ್ಷವನ್ನು 1992 ಎಂದೇ ನಮೂದಿಸುವುದು ಯುಕ್ತ. ನಾಯಕಿಯ ಪಾತ್ರದಲ್ಲಿ ಸೋನಾಲಿ ಕುಲಕರ್ಣಿ ಇದ್ದಾರೆ.

3.3. ಷರತ್ತು. ರಾಮಾನುಜನ್ ಕೊಟ್ಟ ಪಾಠದಲ್ಲಿ ವಿಧಿಯ ವಿವರ ಬಲು ಖಚಿತವಾಗಿದೆ. ಎರಡು ಬಿಂದಿಗೆ ನೀರು ಬೇಕು. ನೀರಿಗೆ ಉಗುರು ತಾಗಿರಬಾರದು. ಮೊದಲ ಬಿಂದಿಗೆ ಸುರಿದರೆ ಹುಡುಗಿ ಮರವಾಗುತ್ತಾಳೆ. ಹೂವನ್ನು ಬಿಡಿಸಬೇಕೇ ಹೊರತು ಚಿಗುರನ್ನು, ಎಲೆಯನ್ನು ಮುರಿಯಬಾರದು. ಎರಡನೆಯ ಬಿಂದಿಗೆ ಸುರಿದರೆ ಅವಳು ಮರಳಿ ಮನುಷ್ಯಳಾಗುತ್ತಾಳೆ. ಕಥೆಯಲ್ಲಿ ಮಾಂತ್ರಿಕನಿಲ್ಲ, ವರಕೊಟ್ಟ ದೇವತೆಯೂ ಮುಂದೆ ಬರುವುದಿಲ್ಲ. ಈ ಶಕ್ತಿ ಅವಳಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೇ ಕಥೆ ಎತ್ತುವುದಿಲ್ಲ. ವಿಧಿಗೆ ಬೇಕಾದದ್ದು ಬಾವಿಯ ನೀರು, ಬಿಂದಿಗೆ, ಎಚ್ಚರದ ಕೈ ಮಾತ್ರ.

ಅನಾಹುತವಾಗುವುದು ಎರಡನೆಯ ಬಿಂದಿಗೆಯ ಹತ್ತಿರ. ಗಂಡನ ತಂಗಿ ಮತ್ತು ಅವಳ ಗೆಳತಿಯರು ಹುಡುಗಿಯನ್ನು ಬಲವಂತದಿಂದ ಮರವಾಗಿಸಿ, ಟೊಂಗೆಗಳನ್ನು ಮುರಿದು, ನೀರನ್ನು ಹೇಗೆಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಕೈಕಾಲಿಲ್ಲದ ದೇಹವಷ್ಟೇ ಮರಳಿ ಬರುತ್ತದೆ. ಮೌಖಿಕ ಕಥೆಯಲ್ಲಿ ಕೊನೆಗೆ ಗಂಡ ಅವಳನ್ನು ಕಂಡು, ಮತ್ತೆ ಮರವಾಗಿಸಿ, ಮುರಿದ ಟೊಂಗೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ, ಎರಡನೆಯ ಬಿಂದಿಗೆಯನ್ನು ಸರಿಯಾಗಿ ಸುರಿಯುತ್ತಾನೆ. ಕಾರ್ನಾಡರ ಚಿತ್ರ ಈ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ಕಳೆದ ಅಂಗಗಳು ಮರಳುವ ದಾರಿ ಅಲ್ಲಿ ಮುಚ್ಚಿಹೋಗಿದೆ. ಪರಿಸರದ ಪ್ರಶಸ್ತಿಗೂ ಈ ಬದಲಾದ ಅಂತ್ಯಕ್ಕೂ ಸಂಬಂಧವಿರುವುದು ಸಾಧ್ಯ, ಆದರೆ ಅದನ್ನು ಊಹೆಯಾಗಿಯಷ್ಟೇ ಇಡಬೇಕು.

ಇದೇ ಕಥೆಯನ್ನು ಆಧರಿಸಿ ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ರಚಿಸಿದ ಸಂಗೀತರೂಪಕ 2006ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು. ಅಲ್ಲಿ ಮೌಖಿಕ ಕಥೆಯ ಸುಖಾಂತ್ಯವೇ ಇದೆ. ಒಂದೇ ಕಥೆಗೆ ಹದಿನಾಲ್ಕು ವರ್ಷಗಳ ಅಂತರದಲ್ಲಿ ಎರಡು ಅಂತ್ಯಗಳು ಸಿಕ್ಕಿರುವುದನ್ನು ಹೋಲಿಸಿ ನೋಡುವುದು ಉಪಯುಕ್ತ.

4. 'ನಾಗಮಂಡಲ' (1997)

4.1. ಟಿ.ಎಸ್. ನಾಗಾಭರಣ ನಿರ್ದೇಶನ, ಸಿ. ಅಶ್ವಥ್ ಸಂಗೀತ. ಮುಖ್ಯ ಪಾತ್ರಗಳಲ್ಲಿ ಪ್ರಕಾಶ್ ರೈ ಮತ್ತು ವಿಜಯಲಕ್ಷ್ಮಿ. ಆಧಾರ ಕಾರ್ನಾಡರ ಅದೇ ಹೆಸರಿನ ನಾಟಕ, ಅದರ ಇಂಗ್ಲಿಷ್ ರೂಪ ಪ್ರಕಟವಾದದ್ದು 1990ರಲ್ಲಿ. ನಾಟಕ ನಿಂತಿರುವುದು ತಾವು ರಾಮಾನುಜನ್‌ರಿಂದ ಕೇಳಿದ ಎರಡು ಕನ್ನಡ ಮೌಖಿಕ ಕಥೆಗಳ ಮೇಲೆ ಎಂದು ಕಾರ್ನಾಡರೇ ಮುನ್ನುಡಿಯಲ್ಲಿ ದಾಖಲಿಸಿದ್ದಾರೆ. ಹೀಗೆ ಈ ಟಿಪ್ಪಣಿಯ ಮೊದಲ ಎರಡು ಚಿತ್ರಗಳೂ ಬೇರೆಬೇರೆ ದಾರಿಯಿಂದ ಒಬ್ಬರೇ ಸಂಗ್ರಾಹಕರ ಬಳಿಗೆ ತಲುಪುತ್ತವೆ. ಇದು ಆಯ್ಕೆಯ ಒಂದು ಮಿತಿಯೂ ಹೌದು: ರಾಮಾನುಜನ್ ಕೈಗೆ ಬಾರದ ಕಥೆಗಳು ತೆರೆಗೂ ಬಂದಿಲ್ಲ ಎಂಬ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ ಶಿವರಾತ್ರಿಯ ಜಾತ್ರೆಗೆ ಸೇರುವ ನೀಲಗಾರರ ಬಾಯಲ್ಲಿರುವ ಮಂಟೇಸ್ವಾಮಿ ಪರಂಪರೆಯ ಕಥೆಗಳನ್ನು ನೆನೆದರೆ ಈ ಸಂದೇಹ ಬಲವಾಗುತ್ತದೆ.

4.2. ಘಟನೆಯ ಕೇಂದ್ರ ಒಂದು ಬೇರು. ಗಂಡನ ಒಲವು ದೊರೆಯಲೆಂದು ಮುದುಕಿ ಕುರುಡವ್ವ ಕೊಟ್ಟ ಬೇರನ್ನು ನಾಯಕಿ ರಾಣಿ ಅರೆದು ಸಾರಿಗೆ ಹಾಕುತ್ತಾಳೆ. ಸಾರು ಕೆಂಪಾಗಿ ಕುದಿಯುವುದನ್ನು ಕಂಡು ಹೆದರಿ ಹುತ್ತದ ಮೇಲೆ ಸುರಿಯುತ್ತಾಳೆ. ಹುತ್ತದೊಳಗಿನ ನಾಗ ಅದನ್ನು ಕುಡಿದು ಅವಳನ್ನು ಮೋಹಿಸುತ್ತದೆ. ರಾತ್ರಿ ಬಚ್ಚಲ ಕಿಂಡಿಯಿಂದ ಒಳಬಂದು ಗಂಡ ಅಪ್ಪಣ್ಣನ ರೂಪ ತಾಳುತ್ತದೆ. ಹಗಲಿನ ಗಂಡ ಮಾತಾಡಿಸದವನು, ರಾತ್ರಿಯ ಗಂಡ ತಲೆ ನೇವರಿಸುವವನು. ಇವೆರಡೂ ಯಾಕೆ ಹೀಗೆ ಎಂದು ಕೇಳಬಾರದು ಎಂಬುದೊಂದೇ ರಾತ್ರಿಯವನು ಹಾಕುವ ಕಟ್ಟು. ರಾಣಿ ಬಸುರಾದಾಗ ಊರ ಹಿರಿಯರ ಮುಂದೆ ದಿವ್ಯ ನಡೆಯುತ್ತದೆ: ಅವಳು ಹುತ್ತದೊಳಗೆ ಕೈಯಿಟ್ಟು, ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಆಣೆಯಿಡುತ್ತಾಳೆ. ಆಣೆಯ ಒಂದೊಂದು ಮಾತೂ ನಿಜ. ನೋಡುಗನಿಗೆ ಗೊತ್ತಿರುವುದು ಊರಿಗೆ ಗೊತ್ತಿಲ್ಲ. ಅಷ್ಟೇಕೆ, ರಾಣಿಗೂ ಪೂರ್ತಿ ಗೊತ್ತಿಲ್ಲ.

ಚಿತ್ರ ಈ ಮೂಲಬಂಧವನ್ನು ಉಳಿಸಿಕೊಂಡಿದೆ. ಹುತ್ತಕ್ಕೆ ಹಾಲೆರೆಯುವುದು ಇಂದಿಗೂ ನಡೆಯುವ ಊರುಗಳಲ್ಲಿ ಈ ದೃಶ್ಯದ ಅರ್ಥ ಬೇರೆ ಕಡೆಗಿಂತ ಗಾಢವಾಗಿ ತಟ್ಟುವ ಸಂಭವ ಹೆಚ್ಚು.

4.3. ಹೋಲಿಕೆ. ವಿಜಯದಾನ್ ದೇಥಾ ಅವರ ರಾಜಸ್ಥಾನಿ ಕಥೆಯನ್ನು ಆಧರಿಸಿ ಮಣಿ ಕೌಲ್ 1973ರಲ್ಲಿ 'ದುವಿಧಾ', ಅಮೋಲ್ ಪಾಲೇಕರ್ 2005ರಲ್ಲಿ 'ಪಹೇಲಿ' ಮಾಡಿದರು. ಅಲ್ಲಿ ಗಂಡನ ರೂಪ ತಾಳುವುದು ಭೂತ. ಮುಖ್ಯ ವ್ಯತ್ಯಾಸ ಒಂದು: ಭೂತವು ತಾನು ಗಂಡನಲ್ಲವೆಂದು ಹೆಂಡತಿಗೆ ಹೇಳಿಬಿಡುತ್ತದೆ, ನಾಗ ಹೇಳುವುದಿಲ್ಲ. ದೇಥಾ ಕಥೆಯ ಹೆಣ್ಣು ತಿಳಿದು ಆರಿಸುತ್ತಾಳೆ, ಕನ್ನಡದ ರಾಣಿಗೆ ಆ ಅವಕಾಶವೇ ಸಿಗುವುದಿಲ್ಲ. ಸತ್ಯ ಬಯಲಾಗುವ ವಿಧಾನವೂ ಬೇರೆ: ಅಲ್ಲಿ ಕುರುಬನೊಬ್ಬ ಉಪಾಯದಿಂದ ಭೂತವನ್ನು ತೊಗಲಿನ ನೀರಚೀಲದೊಳಗೆ ಹಿಡಿದು ಕಟ್ಟುತ್ತಾನೆ, ಇಲ್ಲಿ ಹುತ್ತದ ದಿವ್ಯ ಸತ್ಯವನ್ನು ಹೇಳಿಯೂ ಮುಚ್ಚಿಡುತ್ತದೆ. 'ದುವಿಧಾ'ವನ್ನು 'ನಾಗಮಂಡಲ'ದ ನಂತರ ನೋಡುವುದು ಮೇಲು. ಮೊದಲೇ ನೋಡಿದರೆ ರಾಣಿಯ ಅರಿವಿನ ಪ್ರಶ್ನೆ ಅಷ್ಟು ತೀಕ್ಷ್ಣವಾಗಿ ಕಾಣದು.

ಜಪಾನಿನ ಕೆಂಜಿ ಮಿಜೊಗುಚಿ ಅವರ 'ಉಗೆತ್ಸು' (1953) ಇದನ್ನೇ ತಿರುವುಹಾಕಿ ತೋರಿಸುತ್ತದೆ. ಕುಂಬಾರನೊಬ್ಬ ಪ್ರೇತವೆಂದು ತಿಳಿಯದೆ ಹೆಣ್ಣೊಬ್ಬಳೊಡನೆ ಇರುತ್ತಾನೆ. ಮನೆಗೆ ಮರಳಿದಾಗ ಅನ್ನ ಬಡಿಸುವ ಹೆಂಡತಿಯೂ ಸತ್ತವಳೇ ಎಂದು ಬೆಳಗಾದ ಮೇಲೆ ತಿಳಿಯುತ್ತದೆ. ಆಧಾರವಾದ ಉಎದಾ ಅಕಿನಾರಿಯ ಕಥಾಸಂಗ್ರಹ 1776ರಷ್ಟು ಹಳೆಯದು.

5. ಹುಣಸೂರಿನ ಇಬ್ಬರು

5.1. ಹುಣಸೂರು ಕೃಷ್ಣಮೂರ್ತಿ ವೃತ್ತಿ ರಂಗಭೂಮಿಯಿಂದ ಚಿತ್ರರಂಗಕ್ಕೆ ಬಂದವರು. ನಟನೆ, ಸಂಭಾಷಣೆ, ಗೀತರಚನೆ, ನಿರ್ದೇಶನ ಎಲ್ಲವನ್ನೂ ಮಾಡಿದವರು. 'ಆಶಾಸುಂದರಿ' (1960), 'ರತ್ನಮಂಜರಿ' (1962), 'ಸತ್ಯ ಹರಿಶ್ಚಂದ್ರ' (1965), 'ಭಕ್ತ ಕುಂಬಾರ' (1974), 'ಬಭ್ರುವಾಹನ' (1977) ಅವರ ನಿರ್ದೇಶನದ ಚಿತ್ರಗಳು. ದ್ವಾರಕೀಶ್ ಕೃಷ್ಣಮೂರ್ತಿಯವರ ಸೋದರಳಿಯ. ಚಿತ್ರರಂಗಕ್ಕೆ ಬಂದದ್ದೂ ಮಾವನ 'ವೀರ ಸಂಕಲ್ಪ' (1964) ಮೂಲಕ.

'ಸತ್ಯ ಹರಿಶ್ಚಂದ್ರ'ದ ಬಗ್ಗೆ ಒಂದು ಸ್ಪಷ್ಟನೆ ಬೇಕು. ಇದರ ನಿರ್ಮಾಪಕ ಕೆ.ವಿ. ರೆಡ್ಡಿ. ತೆಲುಗಿನ 'ಪಾತಾಳ ಭೈರವಿ' (1951), 'ಮಾಯಾಬಜಾರ್' (1957) ನಿರ್ದೇಶಿಸಿದವರೂ ಅವರೇ. 1965ರಲ್ಲಿ ಅದೇ ಹೆಸರಿನಲ್ಲಿ ಎನ್.ಟಿ. ರಾಮರಾವ್ ನಟಿಸಿದ ತೆಲುಗು ಚಿತ್ರವೂ ಬಂತು, ಅದನ್ನು ರೆಡ್ಡಿಯವರೇ ನಿರ್ದೇಶಿಸಿದರು. ಹೆಸರು, ವರ್ಷ, ಸಂಸ್ಥೆ ಮೂರೂ ಒಂದೇ ಆದ್ದರಿಂದ ನಿರ್ದೇಶಕರ ಹೆಸರು ಅದಲುಬದಲಾಗುವ ಅಪಾಯವಿದೆ. ಕನ್ನಡದ್ದು ರಾಜ್‌ಕುಮಾರ್ ನಟನೆಯದು, ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ್ದು. 2008ರಲ್ಲಿ ಬಣ್ಣ ತುಂಬಿ ಮರುಬಿಡುಗಡೆಯಾದದ್ದೂ ಇದೇ. ಚಿತ್ರದ ಗುಣದ ಬಗ್ಗೆ ಎರಡು ಮಾತಿಲ್ಲ, ಆದರೆ 2ನೇ ವಿಭಾಗದ ಅಳತೆಗೆ ಇದು ಬರುವುದಿಲ್ಲ.

5.2. ಅಳತೆಗೆ ಹೆಚ್ಚು ಹೊಂದುವುದು 'ಬಭ್ರುವಾಹನ'. ಕಥಾವಸ್ತು ಅಶ್ವಮೇಧ ಪರ್ವದ್ದು. ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಲಕ್ಷ್ಮೀಶನ 'ಜೈಮಿನಿ ಭಾರತ'ದ ಮೂಲಕ. ಮಗನ ಕೈಯಲ್ಲಿ ತಂದೆ ಸಾಯುತ್ತಾನೆ, ನಾಗಲೋಕದ ಸಂಜೀವಕ ಮಣಿಯಿಂದ ಬದುಕುತ್ತಾನೆ. ಅರ್ಜುನ, ಬಭ್ರುವಾಹನ ಎರಡೂ ಪಾತ್ರಗಳಲ್ಲಿ ರಾಜ್‌ಕುಮಾರ್ ಇರುವುದರಿಂದ ಒಂದೇ ದೇಹ ತನ್ನನ್ನೇ ಎದುರಿಸಿ ನಿಂತಂತೆ ತೆರೆಯ ಮೇಲೆ ಕಾಣುತ್ತದೆ; ಈ ಪರಿಣಾಮ ಕಾವ್ಯದಲ್ಲಿ ಸಾಧ್ಯವಿರಲಿಲ್ಲ.

ಮಣಿಯ ವಿಷಯದಲ್ಲಿ ಆಕರಗಳೊಳಗೆ ಭೇದವಿದೆ. ವ್ಯಾಸಭಾರತದಲ್ಲಿ ಅರ್ಜುನನ ನಾಗಪತ್ನಿ ಉಲೂಪಿ ನೆನೆದೊಡನೆ ಮಣಿ ಬರುತ್ತದೆ, ಅದನ್ನು ತಂದೆಯ ಎದೆಯ ಮೇಲಿಡುವಂತೆ ಅವಳು ಬಭ್ರುವಾಹನನಿಗೆ ಹೇಳುತ್ತಾಳೆ. ಜೈಮಿನಿ ಪರಂಪರೆಯಲ್ಲಿ ನಾಗರು ಸುಲಭವಾಗಿ ಮಣಿ ಕೊಡುವುದಿಲ್ಲ; ಬಭ್ರುವಾಹನ ಪಾತಾಳದವರೊಡನೆ ಕಾದಬೇಕಾಗುತ್ತದೆ, ನಡುವೆ ಅರ್ಜುನನ ತಲೆಯೇ ಕಳವಾಗುತ್ತದೆ. ಮೊದಲ ಪಾಠದಲ್ಲಿ ಮರಳುವಿಕೆ ಹೆಣ್ಣಿನ ಅರಿವಿನಿಂದ ಆದರೆ ಎರಡನೆಯದರಲ್ಲಿ ಕಾಳಗದಿಂದ. ಚಿತ್ರ ನೋಡುವಾಗ ಮಣಿ ಯಾರ ಕೈಯಿಂದ ಯಾರ ಕೈಗೆ ಬರುತ್ತದೆ ಎಂಬುದನ್ನು ಗುರುತು ಹಾಕಿಕೊಂಡರೆ ಚಿತ್ರಕಥೆ ಯಾವ ಪಾಠದತ್ತ ವಾಲಿದೆ ಎಂದು ನೋಡುಗರೇ ನಿರ್ಧರಿಸಬಹುದು. ಭೀಷ್ಮನನ್ನು ಕೊಂದ ದೋಷಕ್ಕೆ ವಸುಗಳು ಕೊಟ್ಟ ಶಾಪದ ವಿಮೋಚನೆಯೇ ಈ ಸಾವು ಎಂದು ವ್ಯಾಸಭಾರತದ ಉಲೂಪಿ ವಿವರಿಸುತ್ತಾಳೆ ಎಂಬುದನ್ನೂ ಜೊತೆಗಿಡಬೇಕು. ಅಂದರೆ ಇಲ್ಲಿ ಸಾಯುವುದೇ ಮರಳುವಿಕೆಯ ಮೊದಲ ಹೆಜ್ಜೆ.

ಮನೆಬಳಕೆಯ ವಸ್ತು ಎಂಬ ಮೂರನೆಯ ಲಕ್ಷಣ ಇಲ್ಲಿಲ್ಲ. ಆದ್ದರಿಂದ ಎರಡನೆಯ ವರ್ಗ.

5.3. ದ್ವಾರಕೀಶ್ ನಿರ್ಮಿಸಿ, ಎಚ್.ಆರ್. ಭಾರ್ಗವ ನಿರ್ದೇಶಿಸಿ, ವಿಷ್ಣುವರ್ಧನ್ ನಟಿಸಿದ 'ಗುರು ಶಿಷ್ಯರು' (1981) ಹಾಸ್ಯಚಿತ್ರವೆಂದೇ ಹೆಸರಾದದ್ದು. ಇದರ ಬೇರು ಪರಮಾನಂದಯ್ಯನ ಶಿಷ್ಯರ ಕಥೆಗಳಲ್ಲಿದೆ. ಇವುಗಳಿಗೆ ಹತ್ತಿರದ ಕಥೆಗಳನ್ನು ಇಟಲಿಯ ಪಾದ್ರಿ ಬೆಸ್ಕಿ 18ನೇ ಶತಮಾನದಲ್ಲಿ ತಮಿಳಿನಲ್ಲಿ ಪರಮಾರ್ಥ ಗುರುವಿನ ಕಥೆಯಾಗಿ ಬರೆದಿಟ್ಟ. ಆ ಬರಹದಲ್ಲಿ ಶಿಷ್ಯರು ಬರೀ ಮಂಕರು. ಅದಕ್ಕೆ ಕಾರಣವೇನೂ ಇಲ್ಲ. ಚಿತ್ರದಲ್ಲಿ ಅವರ ಮಂಕುತನಕ್ಕೆ ಹಿಂದಿನ ಶಾಪವೊಂದು ಕಾರಣವಾಗಿ ಬರುತ್ತದೆ, ಇದೇ ಕಥೆಗಳ 1966ರ ತೆಲುಗು ಚಿತ್ರದ ಹಾದಿಯಲ್ಲೇ. ಹೀಗೆ ನಗೆಗತೆಗೆ ಶಾಪವಿಮೋಚನೆಯ ಚೌಕಟ್ಟು ತೊಡಿಸಿದ್ದರಿಂದ ಚಿತ್ರ ಫ್ಯಾಂಟಸಿಯ ಕಡೆ ಸರಿದಿದೆ. ಮಕ್ಕಳೊಡನೆ ನೋಡಲು ಈ ಟಿಪ್ಪಣಿಯ ಚಿತ್ರಗಳಲ್ಲಿ ಇದೇ ಅತಿ ಸುಲಭದ್ದು.

6. ಮೈಸೂರಿನ ಧಾರೆ: ಹೆಸರುಗಳ ಗೊಂದಲ

ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಗೆ ಡಿ. ಶಂಕರ್‌ಸಿಂಗ್ ಮತ್ತು ಬಿ. ವಿಠಲಾಚಾರ್ಯ ಪಾಲುದಾರರು. ಉಡುಪಿ ಬಳಿಯ ಉದ್ಯಾವರದವರಾದ ವಿಠಲಾಚಾರ್ಯ (1920–1999) ಅದಕ್ಕೆ ಮುನ್ನ ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದವರು. ಶಂಕರ್‌ಸಿಂಗ್ ನಿರ್ದೇಶನದ 'ಜಗನ್ಮೋಹಿನಿ' (1951) ಪ್ರತಿಮಾದೇವಿ ಮತ್ತು ಹರಿಣಿ ನಟಿಸಿದ ಜಾನಪದ ಚಿತ್ರ. ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಇದನ್ನು ಹೇಳುವ ರೂಢಿ ಇದೆ. ಮೈಸೂರಿನವರೇ ಆದ ರಾಜನ್–ನಾಗೇಂದ್ರ ಸಂಗೀತ ನಿರ್ದೇಶಕರಾದದ್ದು 1952ರ 'ಸೌಭಾಗ್ಯ ಲಕ್ಷ್ಮಿ'ಯಿಂದ. ಹತ್ತು ವರ್ಷದ ನಂತರ ಹುಣಸೂರು ಕೃಷ್ಣಮೂರ್ತಿಯವರ 'ರತ್ನಮಂಜರಿ'ಗೆ ಸಂಗೀತ ಕೊಟ್ಟವರೂ ಇವರೇ. ಮೈಸೂರು ಮತ್ತು ಹುಣಸೂರಿನ ಈ ಎರಡು ಗುಂಪುಗಳು ಪರಸ್ಪರ ದೂರವಿರಲಿಲ್ಲ ಎಂಬುದಕ್ಕೆ ಇದೊಂದು ಸಣ್ಣ ಸಾಕ್ಷಿ.

ಸಮಸ್ಯೆ ಹೆಸರಿನದು. ವಿಠಲಾಚಾರ್ಯರು ಮದರಾಸಿಗೆ ಹೋಗಿ ತೆಲುಗಿನಲ್ಲಿ 'ಜಾನಪದ ಬ್ರಹ್ಮ' ಎನಿಸಿಕೊಂಡ ಮೇಲೆ 1978ರಲ್ಲಿ 'ಜಗನ್ಮೋಹಿನಿ' ಹೆಸರಿನದೇ ತೆಲುಗು ಚಿತ್ರವನ್ನು ಜಯಮಾಲಿನಿಯವರನ್ನು ಹಾಕಿಕೊಂಡು ಮಾಡಿದರು. ಇಪ್ಪತ್ತೇಳು ವರ್ಷಗಳ ಅಂತರದ ಈ ಎರಡನ್ನು ಒಂದೇ ಎಂದು, ಇಲ್ಲವೇ ಎರಡನೆಯದು ಮೊದಲನೆಯದರ ಮರುನಿರ್ಮಾಣ ಎಂದು ಹೆಸರಿನ ಆಧಾರದಿಂದಲೇ ಹೇಳುವುದು ಅವಸರದ ಮಾತಾಗುತ್ತದೆ. ಇಂಥದ್ದೇ ಇನ್ನೊಂದು ಜೋಡಿ ಮಹಾತ್ಮ ಪಿಕ್ಚರ್ಸ್‌ನದೇ ಆದ 1949ರ 'ನಾಗಕನ್ನಿಕ' ಮತ್ತು 1975ರ 'ನಾಗಕನ್ಯೆ'. ಎರಡನೆಯದು ಶಂಕರ್‌ಸಿಂಗ್, ಪ್ರತಿಮಾದೇವಿ ದಂಪತಿಯ ಮಗ ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ, ವಿಷ್ಣುವರ್ಧನ್ ನಟಿಸಿದ ಚಿತ್ರ. ಹಾವು ಹೆಣ್ಣಾಗುವ ಕಥಾವಸ್ತು ಒಂದೇ ಮನೆಯ ಎರಡು ತಲೆಮಾರಿನ ಕೈಗೆ ಬಂದದ್ದು ಆಕಸ್ಮಿಕವಾಗಿರಲಾರದು.

ಮಾಯಾಚಿತ್ರಗಳ ಮೂಲವನ್ನೆಲ್ಲ 'ಪಾತಾಳ ಭೈರವಿ'ಗೆ ಕಟ್ಟುವ ಮಾತೂ ಕೇಳಿಬರುತ್ತದೆ. ಅದು ತೆರೆಕಂಡದ್ದು 1951ರ ಮಾರ್ಚ್ 15ರಂದು. 'ಜಗನ್ಮೋಹಿನಿ'ಯೂ 1951ರದೇ, 'ನಾಗಕನ್ನಿಕ' ಅದಕ್ಕೂ ಎರಡು ವರ್ಷ ಹಿಂದಿನದು. ಕನ್ನಡದ ಧಾರೆ ತೆಲುಗಿನದರ ಅನುಕರಣೆಯಾಗಿ ಹುಟ್ಟಿತು ಎಂಬ ಮಾತಿಗೆ ಈ ತಾರೀಖುಗಳು ಆಧಾರ ಕೊಡುವುದಿಲ್ಲ.

7. ಗಡಿಯಾಚೆಗೆ: 'ಕುಮ್ಮಾಟ್ಟಿ' (1979)

ಜಿ. ಅರವಿಂದನ್ ಅವರ ಈ ಮಲಯಾಳಂ ಚಿತ್ರವನ್ನು ಮೊದಲ ವರ್ಗಕ್ಕೆ ಸೇರಿಸಲು ಯಾವ ಹಿಂಜರಿಕೆಯೂ ಇಲ್ಲ. ಚಿತ್ರೀಕರಣ ನಡೆದ ಚೀಮೇನಿ ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ಆ ಜಿಲ್ಲೆ ರೂಪುಗೊಂಡದ್ದು 1984ರಲ್ಲಿ. ಚಿತ್ರೀಕರಣದ ಕಾಲಕ್ಕೆ ಅದು ಕಣ್ಣೂರು ಜಿಲ್ಲೆ. ಎರಡು ಜಿಲ್ಲೆಗಳ ಹೆಸರು ಕಂಡಾಗ ಒಂದು ತಪ್ಪೆಂದು ಭಾವಿಸಬೇಕಾಗಿಲ್ಲ.

ಋತು ಮರಳಿದಾಗ ಊರಿಗೆ ಬರುವ, ಮುಖವಾಡಗಳ ಮುದುಕ ಕುಮ್ಮಾಟ್ಟಿ ಒಂದು ದಿನ ಮಕ್ಕಳನ್ನೆಲ್ಲ ಪ್ರಾಣಿಗಳಾಗಿಸಿ ಕುಣಿಸುತ್ತಾನೆ. ಆಮೇಲೆ ಮತ್ತೆ ಮಕ್ಕಳಾಗಿಸುತ್ತಾನೆ. ನಾಯಿಯಾಗಿದ್ದ ಚಿಂಡನ್ ಎಂಬ ಹುಡುಗ ಆ ಹೊತ್ತಿಗೆ ದೂರ ಓಡಿಹೋಗಿರುತ್ತಾನೆ. ಅವನು ನಾಯಿಯಾಗಿಯೇ ಉಳಿಯುತ್ತಾನೆ. ಮನೆಗೆ ಬಂದ ನಾಯಿಯನ್ನು ತಾಯಿ ಗುರುತಿಸುತ್ತಾಳೆ, ಪೂಜೆ ಹರಕೆಗಳು ನಡೆಯುತ್ತವೆ, ಫಲವಿಲ್ಲ. ಕುಮ್ಮಾಟ್ಟಿ ಮತ್ತೆ ಬರುವವರೆಗೆ ಕಾಯಬೇಕು. 'ಚೆಲುವಿ'ಯಲ್ಲಿ ಎರಡನೆಯ ಬಿಂದಿಗೆಯ ನೀರು ಕೆಟ್ಟಿತು. ಇಲ್ಲಿ ಎರಡನೆಯ ವಿಧಿ ನಡೆದಾಗ ಹುಡುಗನೇ ಇರಲಿಲ್ಲ. ಎರಡೂ ಕಡೆ ದುಷ್ಟ ಶಕ್ತಿಯ ಪಾತ್ರವಿಲ್ಲ, ತಪ್ಪಿದ್ದು ಎರಡನೆಯ ವಿಧಿ. ಮರಳಿ ಹುಡುಗನಾದ ಚಿಂಡನ್ ಮಾಡುವ ಮೊದಲ ಕೆಲಸ ಪಂಜರದ ಗಿಳಿಯನ್ನು ಬಿಟ್ಟುಬಿಡುವುದು.

ಚಿತ್ರವನ್ನು 2021ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್, ವಿದೇಶದ ಸಂಸ್ಥೆಗಳ ಜೊತೆಗೂಡಿ ಪುನರುದ್ಧಾರ ಮಾಡಿದೆ. ಹಳೆಯ ಮಾಸಿದ ಪ್ರತಿಗಿಂತ ಈ ಪ್ರತಿಯನ್ನೇ ಹುಡುಕಿ ನೋಡಬೇಕು. ಬಯಲು, ಆಕಾಶ, ಹುಲ್ಲಿನ ಬಣ್ಣಗಳು ಇಲ್ಲಿ ಕಥೆಯ ಭಾಗ.

ಇದರ ಜೊತೆಗೆ ಜಪಾನಿನ ಹಯಾವೊ ಮಿಯಾಜಾಕಿ ಅವರ 'ಸ್ಪಿರಿಟೆಡ್ ಅವೇ' (2001) ನೋಡಬಹುದು. ದೇವರುಗಳಿಗೆಂದು ಇಟ್ಟ ಊಟ ತಿಂದು ಹಂದಿಗಳಾದ ತಂದೆತಾಯಿಯನ್ನು ಮಗಳು ಬಿಡಿಸಿಕೊಳ್ಳಬೇಕು. ಕೊನೆಯ ಷರತ್ತು ಹಂದಿಗಳ ಗುಂಪಿನಲ್ಲಿ ಅವರನ್ನು ಗುರುತಿಸುವುದು. ಅಲ್ಲೊಬ್ಬ ಮಾಟಗಾತಿ ಇದ್ದಾಳೆ, ಹಾಗಾಗಿ ಹೊರಗಿಡಬೇಕೆಂಬ ಆಕ್ಷೇಪ ಬರಬಹುದು. ಹುಡುಗಿ ಗೆಲ್ಲುವುದು ಮಂತ್ರ ಕಲಿತು ಅಲ್ಲ, ಸ್ನಾನದ ಮನೆಯಲ್ಲಿ ನೆಲ ತಿಕ್ಕಿ, ಮಾತಿಗೆ ತಪ್ಪದೆ ನಡೆದು. ಮೂರನೆಯ ಲಕ್ಷಣ ಇಷ್ಟು ಪುಷ್ಟವಾಗಿರುವುದರಿಂದ ಆಕ್ಷೇಪವನ್ನು ಮನ್ನಿಸಿಲ್ಲ.

8. ಹೊರಗಿಟ್ಟವು

'ಕಾಂತಾರ' (2022) ಪಟ್ಟಿಯಲ್ಲಿ ಇಲ್ಲದಿರುವುದನ್ನು ಹಲವರು ಪ್ರಶ್ನಿಸಬಹುದು. ಚಿತ್ರ 1847ರ ರಾಜನ ಕಥೆಯಿಂದ ಆರಂಭವಾಗಿ 1970, 1990ಕ್ಕೆ ಬರುತ್ತದೆ; ಅದರ ಕೇಂದ್ರದಲ್ಲಿರುವ ಪಂಜುರ್ಲಿ, ಗುಳಿಗ ದೈವಗಳು ಕರಾವಳಿಯಲ್ಲಿ ಇಂದಿಗೂ ಕೋಲ ಪಡೆಯುವ ದೈವಗಳು. 2ನೇ ವಿಭಾಗದಲ್ಲಿ ಭಕ್ತಿಚಿತ್ರಗಳಿಗೆ ಅನ್ವಯಿಸಿದ ನಿಯಮವನ್ನೇ ಇಲ್ಲೂ ಪಾಲಿಸಲಾಗಿದೆ. ಚಿತ್ರದ ಮೌಲ್ಯದ ಬಗೆಗಿನ ತೀರ್ಪು ಇದಲ್ಲ.

ದ್ವಾರಕೀಶ್ ನಿರ್ಮಾಣದ, ಪಿ. ವಾಸು ನಿರ್ದೇಶನದ 'ಆಪ್ತಮಿತ್ರ' (2004) ಗಡಿಯಲ್ಲಿ ನಿಲ್ಲುತ್ತದೆ. 1993ರ ಮಲಯಾಳಂ 'ಮಣಿಚಿತ್ರತ್ತಾಳ್' ಮೂಲವಾಗಿರುವ ಈ ಚಿತ್ರ ನಾಯಕಿಯ ಮೈಮೇಲೆ ಬರುವ ನಾಗವಲ್ಲಿಯ ಆವೇಶಕ್ಕೆ ಮನೋರೋಗದ ವಿವರಣೆ ಕೊಡುತ್ತದೆ. ಅರಮನೆಯಲ್ಲಿ ಕಾಣುವ ಭಾರಿ ಹಾವನ್ನು ಮಾತ್ರ ಆ ವಿವರಣೆ ಒಳಗೊಳ್ಳುವುದಿಲ್ಲ. ಅನೂಪ್ ಭಂಡಾರಿ ಅವರ 'ರಂಗಿತರಂಗ' (2015) ಕೂಡ ಗುಡ್ಡದ ಭೂತದ ಭಯವನ್ನು ಕಟ್ಟಿ ಕೊನೆಗೆ ಮನುಷ್ಯನ ಕೈವಾಡವಾಗಿ ಬಿಡಿಸುತ್ತದೆ. ಎರಡನ್ನೂ ಬಿಡಲಾಗಿದೆ.

9. ನೋಡುವ ಕ್ರಮ ಮತ್ತು ಒಂದು ವಿನಂತಿ

ಮೊದಲ ವರ್ಗ: 'ಚೆಲುವಿ', 'ನಾಗಮಂಡಲ', 'ಕುಮ್ಮಾಟ್ಟಿ', 'ಸ್ಪಿರಿಟೆಡ್ ಅವೇ'. ಎರಡನೆಯದು: 'ಬಭ್ರುವಾಹನ', 'ಗುರು ಶಿಷ್ಯರು', 'ನಾಗಕನ್ಯೆ', 'ದುವಿಧಾ', 'ಉಗೆತ್ಸು'. ಒಂದೇ ಚಿತ್ರಕ್ಕೆ ಸಮಯವಿರುವವರು 'ಕುಮ್ಮಾಟ್ಟಿ'ಯನ್ನು ನೋಡಲಿ. ಮಾತು ತಿಳಿಯದಿದ್ದರೂ ನಷ್ಟ ಕಡಿಮೆ. ಎರಡಕ್ಕೆ ಸಮಯವಿದ್ದರೆ ಅದರ ಮಗ್ಗುಲಿಗೆ 'ಚೆಲುವಿ' ಇರಲಿ. 'ನಾಗಮಂಡಲ' ದೊಡ್ಡವರು ನೋಡುವ ಚಿತ್ರ.

ಈ ಸೀಮೆಯ ಹಳೆಯ ಟೆಂಟ್‌ಗಳಲ್ಲಿ 'ಜಗನ್ಮೋಹಿನಿ', 'ರತ್ನಮಂಜರಿ'ಯಂಥ ಚಿತ್ರಗಳು ಯಾವಾಗ ಬಂದವು ಎಂಬುದಕ್ಕೆ ಬೆಂಗಳೂರು, ಮೈಸೂರುಗಳ ಬಿಡುಗಡೆಯ ತಾರೀಖು ಉತ್ತರವಾಗದು. ಪ್ರತಿಗಳು ಹಳ್ಳಿಗೆ ತಡವಾಗಿ ಬರುತ್ತಿದ್ದವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರ ಮನೆಗಳಲ್ಲಿ ಆ ಕಾಲದ ಹಾಡಿನ ಪುಸ್ತಕ, ಕರಪತ್ರ, ಟಿಕೆಟ್ಟಿನ ಚೂರು ಉಳಿದಿದ್ದರೆ ಅದರ ಹಿಂದೆ ಟೆಂಟಿನ ಹೆಸರು, ಊರು, ನೆನಪಿರುವ ವರ್ಷವನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು. ವರ್ಷ ಅಂದಾಜಿನದಾಗಿದ್ದರೆ ಅಂದಾಜು ಎಂದೇ ಬರೆಯಬೇಕು. ಮರವಾಗುವ ಹುಡುಗಿಯ ಕಥೆಯನ್ನು ಅಜ್ಜಿಯಿಂದ ಕೇಳಿದವರು ಎರಡನೆಯ ಬಿಂದಿಗೆಯನ್ನು ಅವರ ಪಾಠದಲ್ಲಿ ಯಾರು ಸುರಿಯುತ್ತಾರೆ ಎಂಬುದನ್ನು, ಹೇಳಿದವರ ಊರಿನ ಹೆಸರಿನೊಡನೆ ದಾಖಲಿಸಿಡಬೇಕೆಂದು ಕೋರಿಕೆ.